ನೆಲ ಬಿಟ್ಟ ಬಳ್ಳಿಗಳು: ಹೂಕುಂಡದ ಅಂಚಿನಿಂದ ಇಳಿದ ಚರಿತ್ರೆ

ಯಾವುದೇ ಊರಿನ ಮಹಡಿ ಮನೆಗಳ ಸಾಲಿನಲ್ಲಿ ಒಮ್ಮೆ ತಲೆಯೆತ್ತಿ ನಡೆದರೆ ಒಂದು ದೃಶ್ಯ ಕಣ್ಣಿಗೆ ಬೀಳದೆ ಇರದು. ಬಾಲ್ಕನಿಯ ಕಂಬಿಗಳ ನಡುವಿನಿಂದಲೋ, ಕಿಟಕಿಯ ಸಜ್ಜದ ಮೇಲಿಂದಲೋ, ತಂತಿಯಲ್ಲಿ ತೂಗುಹಾಕಿದ ಡಬ್ಬಿಯಿಂದಲೋ ಒಂದು ಬಳ್ಳಿ ಕೆಳಗೆ ಇಳಿಬಿದ್ದಿರುತ್ತದೆ. ಅದು ಮನಿಪ್ಲಾಂಟ್ ಆಗಿರಬಹುದು, ಬೆಳಗಿನ ಬಿಸಿಲಿಗೆ ಅರಳುವ ಟೇಬಲ್ ರೋಸ್ ಆಗಿರಬಹುದು, ನೇರಳೆ ಪಟ್ಟೆಗಳ ಟ್ರಾಡೆಸ್ಕ್ಯಾಂಶಿಯಾ ಆಗಿರಬಹುದು. ಇವುಗಳಲ್ಲಿ ಹೆಚ್ಚಿನವು ಹುಟ್ಟಿನಿಂದ ನೇತಾಡುವ ಗಿಡಗಳಲ್ಲ. ಕಾಡಿನ ನೆಲದ ಮೇಲೆ, ಬಂಡೆಯ ಸಂದಿನಲ್ಲಿ, ಬಯಲಿನ ಮರಳಿನಲ್ಲಿ ಹಬ್ಬಿ ಹಾಸಿಕೊಳ್ಳುವುದು ಇವುಗಳ ಜಾಯಮಾನ. ಕುಂಡದಲ್ಲಿ ನೆಟ್ಟಾಗ ಒಂದು ಗೇಣು ಹರಿಯುವಷ್ಟರಲ್ಲಿ ನೆಲ ಮುಗಿದುಹೋಗುತ್ತದೆ. ಅಂಚು ದಾಟಿದ ಬಳ್ಳಿ ಇಳಿಯತೊಡಗುತ್ತದೆ. ನಾವು ಅದನ್ನು ಅಲಂಕಾರ ಎನ್ನುತ್ತೇವೆ.

ನೆಲವನ್ನು ಮುಚ್ಚುವ ಗಿಡಗಳು ಕುಂಡದ ಅಲಂಕಾರವಾಗಿ ಬಂದ ಕಥೆ ಕೇವಲ ತೋಟಗಾರಿಕೆಯ ಕಥೆಯಲ್ಲ. ಅದರಲ್ಲಿ ನಗರಗಳ ಬೆಳವಣಿಗೆ ಇದೆ, ಹಡಗುಗಳ ಸಂಚಾರವಿದೆ, ಕಲ್ಲಿದ್ದಲ ಹೊಗೆ ಇದೆ, ಬಡವರ ಕಿಟಕಿಗಳಿವೆ. ಕುಂಡದಿಂದ ತಪ್ಪಿಸಿಕೊಂಡು ಕಾಡನ್ನೇ ನುಂಗಿದ ಗಿಡಗಳೂ ಇವೆ.

ತೂಗದ ತೂಗುತೋಟ

ಇಂಥ ತೋಟದ ಮಾತು ಬಂದೊಡನೆ ಎಲ್ಲರಿಗೂ ನೆನಪಾಗುವುದು ಬ್ಯಾಬಿಲೋನಿನ ತೂಗುತೋಟ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಅದೂ ಒಂದೆಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಆದರೆ ಅದು ಸರಪಳಿಯಲ್ಲಿ ತೂಗುತ್ತಿದ್ದ ತೋಟವಲ್ಲ. ಮೂಲದ ಗ್ರೀಕ್ ಮತ್ತು ಲ್ಯಾಟಿನ್ ಪದಗಳಿಗೆ ತೂಗುವುದು ಎಂಬ ಅರ್ಥ ಇರುವಂತೆಯೇ ಮೇಲಿನಿಂದ ಚಾಚಿಕೊಂಡಿರುವುದು ಎಂಬ ಅರ್ಥವೂ ಉಂಟು. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಜಗಲಿಗಳ ಮೇಲೆ ಮಣ್ಣು ತುಂಬಿ, ಗಿಡಮರಗಳು ಅಂಚಿನಿಂದಾಚೆಗೆ ಬಾಗುವಂತೆ ಬೆಳೆಸಿದ ತೋಟ ಅದೆಂದು ಗ್ರೀಕ್ ಲೇಖಕರ ವಿವರಣೆಯಿಂದ ತಿಳಿಯುತ್ತದೆ.

ಆ ತೋಟ ನಿಜವಾಗಿ ಎಲ್ಲಿತ್ತು ಎಂಬುದೇ ಇನ್ನೂ ತೀರದ ವಿವಾದ. ಬ್ಯಾಬಿಲೋನಿನಲ್ಲಿ ಸಿಕ್ಕ ನೆಬುಕಡ್ನೆಜರ್ ದೊರೆಯ ಶಾಸನಗಳಲ್ಲಿ ಕೋಟೆ, ಅರಮನೆ, ದೇವಾಲಯಗಳ ವರ್ಣನೆ ಧಾರಾಳವಾಗಿದೆ, ತೋಟದ ಮಾತಿಲ್ಲ. ಅದು ಬ್ಯಾಬಿಲೋನಿನದಲ್ಲ, ಅಸ್ಸೀರಿಯದ ದೊರೆ ಸೆನ್ನಾಖೆರಿಬ್ ತನ್ನ ರಾಜಧಾನಿ ನಿನೆವೆಯಲ್ಲಿ ಮಾಡಿಸಿದ್ದು ಎಂದು ಬ್ರಿಟಿಷ್ ವಿದುಷಿ ಸ್ಟೆಫನಿ ಡ್ಯಾಲಿ 2013ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಈ ವಾದವನ್ನು ಎಲ್ಲರೂ ಒಪ್ಪಿಲ್ಲ.

ತೋಟ ಎಲ್ಲೇ ಇದ್ದಿರಲಿ, ಅದರ ಬಗ್ಗೆ ಡಯೋಡೋರಸ್ ಎಂಬ ಗ್ರೀಕ್ ಇತಿಹಾಸಕಾರ ಕೊಡುವ ಒಂದು ವಿವರ ಇಂದಿನ ಮಹಡಿ ಮನೆಯವರ ಗಮನ ಸೆಳೆಯುವಂಥದು. ಕಲ್ಲಿನ ತೊಲೆಗಳ ಮೇಲೆ ಮೊದಲು ಡಾಂಬರಿನಲ್ಲಿ ಅದ್ದಿದ ಜೊಂಡಿನ ಹಾಸು, ಅದರ ಮೇಲೆ ಸುಟ್ಟ ಇಟ್ಟಿಗೆಯ ಎರಡು ವರಸೆ, ಅದರ ಮೇಲೆ ಸೀಸದ ತಗಡು, ಆಮೇಲೆ ಮಣ್ಣು ಎಂದು ಆತ ಬರೆಯುತ್ತಾನೆ. ಮಣ್ಣಿನ ತೇವ ಕೆಳಗಿಳಿಯದಿರಲಿ ಎಂಬುದೇ ಇದರ ಉದ್ದೇಶ. ತಾರಸಿ ತೋಟ ಮಾಡುವವರ ಮೊದಲ ಚಿಂತೆ ಇಂದಿಗೂ ಇದೇ. ಮನೆಯ ಮಾಲೀಕರು ಬಾಡಿಗೆದಾರರ ಕುಂಡಗಳನ್ನು ಕಂಡು ಹುಬ್ಬು ಗಂಟಿಕ್ಕುವುದೂ ಇದೇ ಕಾರಣಕ್ಕೆ.

ರೋಮಿನ ಕಿಟಕಿ, ಅಥೆನ್ಸಿನ ಮಾಳಿಗೆ

ಅರಸರ ತೋಟ ಹಾಗಿರಲಿ, ಸಾಮಾನ್ಯರು ಕುಂಡದಲ್ಲಿ ಗಿಡ ಬೆಳೆಸಿದ ದಾಖಲೆಗಳೂ ಹಳೆಯವೇ. ಅಥೆನ್ಸಿನ ಹೆಂಗಸರು ಬೇಸಿಗೆಯಲ್ಲಿ ಅಡೋನಿಸ್ ಹಬ್ಬದ ಹೊತ್ತಿಗೆ ಒಡೆದ ಮಡಕೆಗಳಲ್ಲಿ ಲೆಟ್ಯೂಸ್, ಸೋಂಪು ಮುಂತಾದ ಬೇಗ ಮೊಳೆಯುವ ಬೀಜಗಳನ್ನು ಬಿತ್ತಿ ಮಾಳಿಗೆಯ ಮೇಲಿಡುತ್ತಿದ್ದರು. ಎಂಟು ಹತ್ತು ದಿನಗಳಲ್ಲಿ ಅವು ಚಿಗುರಿ ಬಿಸಿಲಿಗೆ ಬಾಡುತ್ತಿದ್ದವು. ಅಕಾಲದಲ್ಲಿ ಮಡಿದ ಚೆಲುವ ಅಡೋನಿಸನ ಕುರುಹೆಂದು ಅವುಗಳನ್ನು ನೀರಿಗೆ ಬಿಡುತ್ತಿದ್ದರು. ನಮ್ಮಲ್ಲಿ ನವರಾತ್ರಿಯ ಘಟಸ್ಥಾಪನೆಯ ಮೊಳಕೆಗಳನ್ನು ಬಲ್ಲವರಿಗೆ ಈ ಆಚರಣೆ ಅಪರಿಚಿತವೆನಿಸದು. ಬೇರಿಲ್ಲದ ಬೆಳವಣಿಗೆಗೆ ‘ಅಡೋನಿಸನ ತೋಟ’ ಎಂಬುದು ಗ್ರೀಕರಲ್ಲಿ ಗಾದೆಯೇ ಆಗಿತ್ತು.

ರೋಮಿನಲ್ಲಿ ಕುಂಡಗಳು ಇನ್ನಷ್ಟು ಸ್ಥಿರವಾದ ಸ್ಥಾನ ಪಡೆದವು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೆ ನಗರದಲ್ಲಿ ಅಮೆರಿಕದ ವಿದ್ವಾಂಸೆ ವಿಲ್ಹೆಲ್ಮಿನಾ ಜಷೆಮ್‌ಸ್ಕಿ 1960ರ ದಶಕದಿಂದ ತೋಟಗಳ ಉತ್ಖನನ ನಡೆಸಿದರು. ಕೊಳೆತುಹೋದ ಬೇರುಗಳು ಬಿಟ್ಟ ಪೊಳ್ಳಿಗೆ ಸಿಮೆಂಟು ಸುರಿದು ಬೇರಿನ ಅಚ್ಚನ್ನು ಹೊರತೆಗೆದು, ಎಲ್ಲಿ ಯಾವ ಬಗೆಯ ಗಿಡವಿತ್ತೆಂದು ಅವರು ಅಂದಾಜು ಮಾಡಿದರು. ತಳದಲ್ಲೂ ಪಕ್ಕದಲ್ಲೂ ತೂತುಗಳಿದ್ದ ಮಣ್ಣಿನ ಕುಂಡಗಳೂ ಅಲ್ಲಿ ಸಿಕ್ಕಿವೆ.

ಹಬ್ಬುವ ಬಳ್ಳಿಗಳ ಬಗ್ಗೆ ರೋಮನ್ನರಿಗೆ ವಿಶೇಷ ಒಲವಿತ್ತು. ಕ್ರಿ.ಪೂ. 54ರಲ್ಲಿ ಸಿಸೆರೊ ತನ್ನ ತಮ್ಮನಿಗೆ ಬರೆದ ಪತ್ರದಲ್ಲಿ, ತಮ್ಮನ ತೋಟದ ಮಾಲಿ ಗೋಡೆಯ ಬುಡ, ಕಂಬಗಳ ನಡು ಎಲ್ಲವನ್ನೂ ಐವಿ ಬಳ್ಳಿಯಿಂದ ಹೊದಿಸಿದ್ದಾನೆಂದು ಮೆಚ್ಚುತ್ತಾನೆ. ಅಲ್ಲಿನ ಗ್ರೀಕ್ ಪ್ರತಿಮೆಗಳೇ ಐವಿ ಮಾರುವ ಮಾಲಿಗಳಂತೆ ಕಾಣುತ್ತವೆ ಎಂಬುದು ಅವನ ವಿನೋದ.

ಆದರೆ ಇದಕ್ಕಿಂತ ಮನಸ್ಸಿಗೆ ತಾಗುವ ಮಾತನ್ನು ಹೇಳಿದವನು ಪ್ಲಿನಿ. ಪಾಂಪೆಯನ್ನು ಹೂತುಹಾಕಿದ ಅದೇ ಸ್ಫೋಟಕ್ಕೆ ಬಲಿಯಾದ ಈ ವಿದ್ವಾಂಸ ತನ್ನ ಬೃಹತ್ ನಿಸರ್ಗಕೋಶದಲ್ಲಿ ರೋಮ್ ನಗರದ ಬಡವರ ಪ್ರಸ್ತಾಪ ಮಾಡುತ್ತಾನೆ. ಅವರು ಹಿಂದೆ ತಮ್ಮ ಕಿಟಕಿಗಳಲ್ಲೇ ಪುಟ್ಟ ತೋಟದ ಹೋಲಿಕೆಯೊಂದನ್ನು ಮಾಡಿಕೊಂಡು ದಿನವೂ ಹಳ್ಳಿಯ ನೋಟವನ್ನು ಕಣ್ತುಂಬಿಕೊಳ್ಳುತ್ತಿದ್ದರಂತೆ. ಕಳ್ಳಕಾಕರ ಹಾವಳಿ ಹೆಚ್ಚಿದ ಮೇಲೆ ಕಿಟಕಿಗಳಿಗೆಲ್ಲ ಅಡ್ಡ ಹಾಕಬೇಕಾಗಿ ಬಂದು ಆ ನೋಟವೂ ತಪ್ಪಿತು ಎನ್ನುತ್ತಾನೆ. ಕಿಟಕಿ ಬಾಲ್ಕನಿಗಳಿಗೆಲ್ಲ ಕಬ್ಬಿಣದ ಜಾಲರಿ ಹಾಕಿಸಿ, ಆ ಜಾಲರಿಗೇ ಕುಂಡ ತೂಗುಹಾಕುವ ನಮ್ಮ ನಗರವಾಸಿಗಳು ಪ್ಲಿನಿಯ ಕಾಲದ ಈ ಸಮಸ್ಯೆಗೆ ತಮ್ಮದೇ ಪರಿಹಾರ ಕಂಡುಕೊಂಡಿದ್ದಾರೆ ಎನ್ನಬೇಕು.

ಹಡಗೇರಿ ಬಂದ ಬಳ್ಳಿಗಳು

ಪ್ರಾಚೀನರ ಬಳಿ ಇದ್ದ ಹಬ್ಬುಬಳ್ಳಿಗಳು ಕೆಲವೇ. ಐವಿ, ವಿಂಕಾ ಮೊದಲಾದ ಯೂರೋಪಿನ ಕಾಡುಗಳವೇ ಹೆಚ್ಚು. ಇಂದು ಜಗತ್ತಿನ ಎಲ್ಲೆಡೆ ಕುಂಡಗಳಿಂದ ಇಳಿಬಿದ್ದಿರುವ ಗಿಡಗಳ ಮೂಲ ಬೇರೆ. ಅವು ಬಂದದ್ದು ದಕ್ಷಿಣ ಆಫ್ರಿಕ, ಮೆಕ್ಸಿಕೊ, ದಕ್ಷಿಣ ಅಮೆರಿಕ, ಪೆಸಿಫಿಕ್ ದ್ವೀಪಗಳಿಂದ. ತಂದದ್ದು ವ್ಯಾಪಾರದ ಮತ್ತು ವಸಾಹತಿನ ಹಡಗುಗಳು.

ಸ್ವಿಟ್ಜರ್ಲೆಂಡ್, ಆಸ್ಟ್ರಿಯಗಳ ಚಿತ್ರಗಳಲ್ಲಿ ಮರದ ಮನೆಗಳ ಬಾಲ್ಕನಿಯಿಂದ ಕೆಂಪು ಹೂಗಳು ಜಲಪಾತದಂತೆ ಸುರಿಯುವುದನ್ನು ಕ್ಯಾಲೆಂಡರುಗಳಲ್ಲಿ ಕಾಣದವರಿಲ್ಲ. ಆಲ್ಪ್ಸ್ ಪರ್ವತದ ಗುರುತೇ ಆಗಿಬಿಟ್ಟಿರುವ ಆ ಗಿಡ ಆಲ್ಪ್ಸಿನದೇ ಅಲ್ಲ. ಅದು ಐವಿಯಂಥ ಎಲೆಯ ಪೆಲರ್ಗೋನಿಯಂ. ದಕ್ಷಿಣ ಆಫ್ರಿಕದ ಕುರುಚಲಿನ ನಡುವೆ ಪೊದೆಗಳನ್ನು ಆಧರಿಸಿ ತೆವಳುವುದು ಅದರ ಸ್ವಭಾವ. ಕೇಪ್ ವಸಾಹತಿನ ಡಚ್ ಗವರ್ನರ್ ವಿಲ್ಲೆಮ್ ಆಡ್ರಿಯಾನ್ ಫಾನ್ ಡರ್ ಸ್ಟೆಲ್ 1700ರಲ್ಲಿ ಅದನ್ನು ಹಾಲೆಂಡಿಗೆ ಕಳಿಸಿದ. ಲಿನೇಯಸ್ ಇಂಥ ಗಿಡಗಳನ್ನು ಜೆರೇನಿಯಂ ಕುಲಕ್ಕೆ ಸೇರಿಸಿದ್ದ. 1789ರಲ್ಲಿ ಫ್ರಾನ್ಸಿನ ಲೆರಿಟಿಯೆ ಇವುಗಳನ್ನು ಬೇರ್ಪಡಿಸಿ ಪೆಲರ್ಗೋನಿಯಂ ಎಂದು ಕರೆದ. ಆದರೆ ಜನರ ಬಾಯಲ್ಲಿ ಅದು ಇಂದಿಗೂ ಜೆರೇನಿಯಮ್ಮೇ.

ಟ್ರಾಡೆಸ್ಕ್ಯಾಂಶಿಯಾ ಎಂಬ ನಾಲಗೆ ಹೊರಳದ ಹೆಸರಿನ ಹಿಂದೆ ಇರುವವರು ಇಂಗ್ಲೆಂಡಿನ ಜಾನ್ ಟ್ರಾಡೆಸ್ಕಂಟ್ ಎಂಬ ತಂದೆ ಮತ್ತು ಅದೇ ಹೆಸರಿನ ಮಗ. ಇಬ್ಬರೂ ದೊರೆ ಒಂದನೆಯ ಚಾರ್ಲ್ಸನ ತೋಟಗಾರರಾಗಿದ್ದರು. ದೇಶದೇಶಗಳಿಂದ ಗಿಡ, ಚಿಪ್ಪು, ವಿಚಿತ್ರ ವಸ್ತುಗಳನ್ನು ಕೂಡಿಹಾಕಿದ್ದ ಇವರ ಸಂಗ್ರಹವೇ 1683ರಲ್ಲಿ ಆಕ್ಸ್‌ಫರ್ಡಿನಲ್ಲಿ ತೆರೆದ ಆಶ್ಮೋಲಿಯನ್ ಮ್ಯೂಸಿಯಮ್ಮಿನ ಬುನಾದಿ. ಅವರು ಬೆಳೆಸಿದ್ದು ಉತ್ತರ ಅಮೆರಿಕದ ನೆಟ್ಟನೆ ನಿಲ್ಲುವ ಜಾತಿ. ನಮ್ಮ ಕುಂಡಗಳ ಪಟ್ಟೆಯೆಲೆಯ ಬಳ್ಳಿ ಅದರ ಮೆಕ್ಸಿಕೊ ಕಡೆಯ ದಾಯಾದಿ. ಎಲ್ಲಿ ಬಿದ್ದರೂ ಬೇರೂರುವ ಈ ಬಳ್ಳಿಗೆ ಯೂರೋಪಿನವರು ಶಾಪಗ್ರಸ್ತನಾಗಿ ಅಲೆಯುವ ಯೆಹೂದಿಯೊಬ್ಬನ ಹಳೆಯ ದಂತಕಥೆಯ ಹೆಸರಿಟ್ಟಿದ್ದರು. ಆ ಕಥೆಯಲ್ಲಿನ ಜನಾಂಗದ್ವೇಷವನ್ನು ಮನಗಂಡು ಈಚಿನ ವರ್ಷಗಳಲ್ಲಿ ಹಲವು ನರ್ಸರಿಗಳು ಆ ಹೆಸರನ್ನು ಕೈಬಿಟ್ಟಿವೆ.

ಲಂಡನ್ನಿನ ಹೊಗೆ, ವೈದ್ಯರ ಸೀಸೆ

ಗಿಡಗಳು ಹಡಗೇರಿದರೂ ದಡ ಸೇರುತ್ತಿದ್ದವು ಬಹಳ ಕಡಿಮೆ. ಉಪ್ಪುಗಾಳಿ, ಸಿಹಿನೀರಿನ ಅಭಾವ, ತಿಂಗಳುಗಟ್ಟಲೆಯ ಪಯಣ ಅವುಗಳನ್ನು ಕೊಲ್ಲುತ್ತಿದ್ದವು. ಚೀನದಿಂದ ಹೊರಟ ಸಾವಿರ ಗಿಡಗಳಲ್ಲಿ ಒಂದು ಇಂಗ್ಲೆಂಡಿನಲ್ಲಿ ಬದುಕಿದರೆ ಹೆಚ್ಚು ಎಂದು ಜಾನ್ ಲಿವಿಂಗ್‌ಸ್ಟನ್ ಎಂಬ ವೈದ್ಯ 1819ರಲ್ಲಿ ಲೆಕ್ಕ ಹಾಕಿದ್ದ. ಈ ಸ್ಥಿತಿ ಬದಲಾದದ್ದು ಇನ್ನೊಬ್ಬ ವೈದ್ಯನಿಂದ, ಅದೂ ಆಕಸ್ಮಿಕವಾಗಿ.

ನಥೇನಿಯಲ್ ಬ್ಯಾಗ್‌ಷಾ ವಾರ್ಡ್ ಲಂಡನ್ನಿನ ಪೂರ್ವಭಾಗದ ಇಕ್ಕಟ್ಟಿನ ಬೀದಿಗಳಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದವನು. ಮನೆಯ ಗೋಡೆಯ ಮೇಲೆ ಜರಿಗಿಡಗಳನ್ನು ಬೆಳೆಸಬೇಕೆಂಬ ಅವನ ಆಸೆ ಕಾರ್ಖಾನೆಗಳ ಹೊಗೆಯಿಂದಾಗಿ ಕೈಗೂಡಿರಲಿಲ್ಲ. 1829ರಲ್ಲಿ ಪತಂಗವೊಂದು ಕೋಶದಿಂದ ಹೊರಬರುವುದನ್ನು ನೋಡಲೆಂದು ಅವನು ಅದನ್ನು ಒದ್ದೆ ಮಣ್ಣಿನೊಡನೆ ಸೀಸೆಯಲ್ಲಿಟ್ಟು ಮುಚ್ಚಿದ. ಕೆಲವು ದಿನಗಳಲ್ಲಿ ಆ ಮಣ್ಣಿನಿಂದ ಒಂದು ಜರಿಗಿಡವೂ ಒಂದು ಹುಲ್ಲೂ ಮೊಳೆತವು. ಹಗಲು ಮಣ್ಣಿನಿಂದ ಆರಿದ ತೇವ ಗಾಜಿನ ಮೇಲೆ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಹೊರಗಿನ ಹೊಗೆ ಒಳಗೆ ಬರುತ್ತಿರಲಿಲ್ಲ. ಯಾರೂ ನೀರು ಹಾಕದೆ ಗಿಡಗಳು ವರ್ಷಗಟ್ಟಲೆ ಬದುಕಿದವು.

1833ರಲ್ಲಿ ವಾರ್ಡ್ ಗಾಜಿನ ಎರಡು ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಸಿಡ್ನಿಗೆ ಕಳಿಸಿದ. ಅವು ಜೀವಂತವಾಗಿ ತಲುಪಿದವು. ಅದೇ ಪೆಟ್ಟಿಗೆಗಳಲ್ಲಿ ಆಸ್ಟ್ರೇಲಿಯದ ಗಿಡಗಳು ಜೀವಂತವಾಗಿ ಲಂಡನ್ನಿಗೆ ಬಂದವು. ಅಲ್ಲಿಂದ ಮುಂದೆ ಈ ಪೆಟ್ಟಿಗೆ ಸಾಮ್ರಾಜ್ಯದ ಉಪಕರಣವಾಯಿತು. ರಾಬರ್ಟ್ ಫಾರ್ಚೂನ್ ಚೀನದ ಚಹಾ ಸಸಿಗಳನ್ನು ಭಾರತಕ್ಕೆ ಸಾಗಿಸಿದ್ದು ಇದರಲ್ಲೇ. ನೀಲಗಿರಿಗೆ ಸಿಂಕೋನಾ ಬಂದದ್ದೂ ಇಂಥ ಪೆಟ್ಟಿಗೆಗಳ ಬಲದಿಂದಲೇ. ಅಂಥ ಬೆಳೆಗಳ ಬೆನ್ನಿಗೇ ಅಲಂಕಾರದ ಗಿಡಗಳೂ ಖಂಡಾಂತರ ಹೊರಟವು.

ಇದೇ ಕಾಲಕ್ಕೆ ಬ್ರಿಟನ್ನಿನಲ್ಲಿ 1845ರಲ್ಲಿ ಗಾಜಿನ ಮೇಲಿನ ತೆರಿಗೆಯೂ, 1851ರಲ್ಲಿ ಕಿಟಕಿ ತೆರಿಗೆಯೂ ರದ್ದಾದವು. ಮನೆಗಳಿಗೆ ಬೆಳಕು ಬಂತು, ಬೆಳಕಿನೊಂದಿಗೆ ಗಿಡಗಳೂ ಬಂದವು. ಹೊಗೆ, ಗ್ಯಾಸ್ ದೀಪದ ಆವಿ, ಮಬ್ಬು ಇವೆಲ್ಲವನ್ನೂ ಸಹಿಸುವ ಐವಿ ಮನೆಯೊಳಗಿನ ಮೆಚ್ಚಿನ ಬಳ್ಳಿಯಾಯಿತು. ತೋಟಗಾರಿಕೆಯ ಜನಪ್ರಿಯ ಲೇಖಕ ಶರ್ಲಿ ಹಿಬ್ಬರ್ಡ್ 1872ರಲ್ಲಿ ಐವಿಯೊಂದರ ಮೇಲೆಯೇ ಪುಸ್ತಕ ಬರೆದ. ನಾಣ್ಯದಂಥ ದುಂಡೆಲೆಯ ಲೈಸಿಮೇಕಿಯಾ ಕುಂಡಗಳಿಂದ ಇಳಿಯತೊಡಗಿತು. ಗೋಡೆಯ ಬಿರುಕಿನಲ್ಲಿ ಬೆಳೆಯುವ ಸಿಂಬಲೇರಿಯಾ ಕೂಡ ಅದರ ಜತೆಯಾಯಿತು. ಈ ಸಿಂಬಲೇರಿಯಾದ ನಡವಳಿಕೆ ವಿಚಿತ್ರವಾದದ್ದು. ಹೂ ಬೆಳಕಿನತ್ತ ಮುಖ ಮಾಡಿರುತ್ತದೆ. ಕಾಯಿ ಕಟ್ಟಿದೊಡನೆ ತೊಟ್ಟು ಬೆಳಕಿನಿಂದ ದೂರ ಬಾಗಿ ಬೀಜವನ್ನು ಗೋಡೆಯ ಕತ್ತಲ ಸಂದಿಗೆ ಸೇರಿಸುತ್ತದೆ.

ಶ್ರೀಮಂತರ ಹವ್ಯಾಸವಾಗಿಯೇ ಉಳಿಯಬಹುದಾಗಿದ್ದ ಇದನ್ನು ಕೇರಿಗಳಿಗೆ ಒಯ್ದವರಲ್ಲಿ ಸ್ಯಾಮ್ಯುಯೆಲ್ ಹ್ಯಾಡನ್ ಪಾರ್ಕ್ಸ್ ಎಂಬ ಪಾದ್ರಿ ಒಬ್ಬ. ಲಂಡನ್ನಿನ ಬ್ಲೂಮ್ಸ್‌ಬರಿಯ ಬಡವರ ಕೇರಿಗಳಲ್ಲಿ ಕಿಟಕಿಯ ಕುಂಡಗಳ ಸ್ಪರ್ಧೆಗಳನ್ನು ಏರ್ಪಡಿಸಿ, 1864ರಲ್ಲಿ ಆ ಪ್ರಯೋಗದ ಬಗ್ಗೆ ಪುಸ್ತಕವೊಂದನ್ನು ಪ್ರಕಟಿಸಿದ. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಬದುಕುತ್ತಿದ್ದ ಕಡೆ ಕಿಟಕಿಯ ಹಲಗೆಯೇ ತೋಟ. ಗಿಡ ಬೆಳೆಸಿದರೆ ಬಡವರು ಶುಚಿತ್ವ, ಸದಾಚಾರ ಕಲಿಯುತ್ತಾರೆ ಎಂಬ ಉಪದೇಶದ ಧಾಟಿ ಈ ಚಳವಳಿಯಲ್ಲಿತ್ತು. ಅವರಿಗೆ ಬೇಕಾಗಿದ್ದುದು ಒಳ್ಳೆಯ ಮನೆ ಮತ್ತು ಒಳ್ಳೆಯ ಕೂಲಿ ಎಂಬ ಮಾತನ್ನು ಆ ಧಾಟಿ ಮರೆಸುತ್ತಿತ್ತು. ಹಾಗೆಂದು ಕಿಟಕಿಯಲ್ಲಿ ಗಿಡವಿಟ್ಟವರ ಸಂತೋಷ ಸುಳ್ಳಾಗಿರಲಿಲ್ಲ.

ಬಳ್ಳಿ ಇಳಿಯುವುದೇಕೆ?

ಗಿಡದ ಕಾಂಡ ಮೇಲಕ್ಕೆ, ಬೇರು ಕೆಳಕ್ಕೆ ಎಂಬುದು ಸಾಮಾನ್ಯ ತಿಳಿವಳಿಕೆ. ಇದಕ್ಕೆ ಗುರುತ್ವವೇ ಕಾರಣವೆಂದು ತೋರಿಸಿದವನು ಇಂಗ್ಲೆಂಡಿನ ಥಾಮಸ್ ಆಂಡ್ರೂ ನೈಟ್. ಹಳ್ಳದ ನೀರಿನಿಂದ ತಿರುಗುವ ಚಕ್ರಕ್ಕೆ ಮೊಳಕೆಗಳನ್ನು ಕಟ್ಟಿ ಅವನು ಮಾಡಿದ ಪ್ರಯೋಗ 1806ರಲ್ಲಿ ಪ್ರಕಟವಾಯಿತು. ವೇಗವಾಗಿ ತಿರುಗುವ ಚಕ್ರದಲ್ಲಿ ಬೇರುಗಳು ಹೊರಮುಖವಾಗಿಯೂ ಚಿಗುರುಗಳು ಚಕ್ರದ ನಡುವಿಗೂ ಬೆಳೆದವು. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮಗ ಫ್ರಾನ್ಸಿಸ್‌ನೊಡನೆ ಗಿಡಗಳ ಚಲನೆಯನ್ನು ಕುರಿತ ಗ್ರಂಥದಲ್ಲಿ ಈ ವಿಚಾರವನ್ನು ಮುಂದುವರಿಸಿದ. ಕೆಲವು ಜೀವಕೋಶಗಳೊಳಗಿನ ಪಿಷ್ಟದ ಕಣಗಳು ತಳಕ್ಕೆ ಕುಸಿಯುವುದರಿಂದ ಗಿಡಕ್ಕೆ ಮೇಲುಕೆಳಗು ತಿಳಿಯುತ್ತದೆಂದು ಈಗ ಗೊತ್ತಾಗಿದೆ.

ನೆಲಬಳ್ಳಿಗಳ ಕಾಂಡ ಮಾತ್ರ ಮೇಲಕ್ಕೂ ಹೋಗದೆ ಕೆಳಕ್ಕೂ ಹೋಗದೆ ಅಡ್ಡಲಾಗಿ ಹರಿಯುತ್ತದೆ. ನೆಲವೇ ಭಾರ ಹೊರುವುದರಿಂದ ಕಾಂಡವನ್ನು ಗಟ್ಟಿಮಾಡಲು ಅದು ಶಕ್ತಿ ವ್ಯಯಿಸಬೇಕಾಗಿಲ್ಲ. ಆ ಶಕ್ತಿಯನ್ನೆಲ್ಲ ಉದ್ದಕ್ಕೆ ಬೆಳೆಯಲು ಬಳಸುತ್ತದೆ. ಹಲವು ಜಾತಿಗಳಲ್ಲಿ ನೆಲ ಮುಟ್ಟಿದ ಪ್ರತಿ ಗೆಣ್ಣಿನಲ್ಲೂ ಬೇರು ಬಿಡುತ್ತದೆ. ಕುಂಡದ ಅಂಚಿನಾಚೆ ಆಸರೆ ತಪ್ಪಿದ ಮೆತ್ತನೆಯ ಕಾಂಡ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇಳಿದ ಬಳ್ಳಿಯ ತುದಿಯನ್ನು ಗಮನಿಸಿದರೆ ಅದು ಮತ್ತೆ ಮೇಲಕ್ಕೆ ಕೊಕ್ಕೆಯಂತೆ ಬಾಗಿರುವುದು ಅನೇಕ ಸಲ ಕಾಣುತ್ತದೆ.

ಮನಿಪ್ಲಾಂಟ್ ಇದಕ್ಕೆ ಒಳ್ಳೆಯ ನಿದರ್ಶನ. ಮರವನ್ನೇರಿದ ಮನಿಪ್ಲಾಂಟಿನ ಎಲೆಗಳು ಮೊರದಗಲ ಬೆಳೆದು ಸೀಳುಬಿಡುತ್ತವೆ. ಅದೇ ಬಳ್ಳಿ ಕುಂಡದಿಂದ ನೇತಾಡಿದರೆ ಎಲೆ ಅಂಗೈಯಷ್ಟಕ್ಕೇ ನಿಲ್ಲುತ್ತದೆ. ಪೆಸಿಫಿಕ್ ಸಾಗರದ ಮೊರಿಯಾ ದ್ವೀಪ ಇದರ ತವರು. 1880ರಲ್ಲಿ ಯೂರೋಪಿನ ಸಸ್ಯಶಾಸ್ತ್ರಕ್ಕೆ ಪರಿಚಯವಾದ ಮೇಲೆ ಅದು ತಿರುಗದ ದೇಶವಿಲ್ಲ. ಆದರೂ ಅದರ ಹೂವನ್ನು ಕಂಡವರು ಇಲ್ಲವೆನ್ನುವಷ್ಟು ವಿರಳ. ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನಿನ ತಯಾರಿಕೆಯಲ್ಲಿ ವಂಶವಾಹಿಯ ದೋಷವಿರುವುದೇ ಇದಕ್ಕೆ ಕಾರಣವೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹೂವಿಲ್ಲ, ಬೀಜವಿಲ್ಲ. ಮನುಷ್ಯನ ಕೈಯಿಂದ ಕೈಗೆ ದಾಟಿದ ಕಡ್ಡಿಗಳಿಂದಲೇ ಅದು ಲೋಕವನ್ನೆಲ್ಲ ವ್ಯಾಪಿಸಿದೆ.

ತುಳಸಿಕಟ್ಟೆಯಿಂದ ಗಾಜಿನಮನೆಗೆ

ಕನ್ನಡ ನಾಡಿನ ಮನೆಗಳಲ್ಲಿ ಕುಂಡ ಹೊಸದಲ್ಲ. ಅಂಗಳದ ತುಳಸಿ ಬೃಂದಾವನ ಕಟ್ಟೆ ಕಟ್ಟಿ ಮಣ್ಣು ತುಂಬಿ ಗಿಡ ನೆಡುವ ಪದ್ಧತಿಯೇ ಅಲ್ಲವೆ? ಬಚ್ಚಲ ನೀರು ಹರಿಯುವಲ್ಲಿ ಬಸಳೆ, ಬಾವಿಕಟ್ಟೆಯ ತೇವದಲ್ಲಿ ಒಂದೆಲಗ, ಒಡೆದ ಹಂಡೆಯಲ್ಲಿ ದೊಡ್ಡಪತ್ರೆ ಇವೆಲ್ಲ ಅಡುಗೆಮನೆಗೆ ಕೈಯಳತೆಯಲ್ಲಿ ಇರುತ್ತಿದ್ದವು. ಇವುಗಳಲ್ಲಿ ಒಂದೆಲಗ ಅಪ್ಪಟ ನೆಲಬಳ್ಳಿ. ಗೆಣ್ಣು ಗೆಣ್ಣಿಗೆ ಬೇರಿಳಿಸಿ ಹಾಸುವ ಈ ಸೊಪ್ಪು ತಂಬುಳಿಗೂ ಚಟ್ನಿಗೂ ಬಂದಿತೇ ಹೊರತು ಅಲಂಕಾರಕ್ಕೆಂದು ಯಾರೂ ಅದನ್ನು ನೆಟ್ಟಿರಲಿಲ್ಲ.

ನೋಟಕ್ಕೆಂದೇ ಕುಂಡಗಳನ್ನು ಜೋಡಿಸುವ ರೂಢಿ ನಮ್ಮಲ್ಲಿ ಹರಡಿದುದರಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಪಾತ್ರ ದೊಡ್ಡದು. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ಈ ತೋಟ 1856ರಲ್ಲಿ ಸರ್ಕಾರಿ ತೋಟವೆನಿಸಿತು. ವಿಲಿಯಂ ನ್ಯೂ, ಜಾನ್ ಕ್ಯಾಮರಾನ್, ಜರ್ಮನಿಯಿಂದ ಬಂದ ಕ್ರುಂಬಿಗಲ್ ಹೀಗೆ ಅದರ ಮೇಲ್ವಿಚಾರಕರಾದ ಹಲವರು ಇಂಗ್ಲೆಂಡಿನ ಕ್ಯೂ ತೋಟದಲ್ಲಿ ಪಳಗಿದವರು. ಕ್ಯಾಮರಾನ್ ಕಾಲದಲ್ಲಿ, 1889ರ ನವೆಂಬರ್ 30ರಂದು, ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನಮನೆಗೆ ಅಸ್ತಿಭಾರ ಹಾಕಿದ. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸುಮಾರಿಗೆ ಗಾಜಿನಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳಿಗೆ ಊರೂರುಗಳಿಂದ ಬಂದವರು ಕೈಯಲ್ಲೊಂದು ಸಸಿ ಹಿಡಿದು ಹಿಂತಿರುಗುವುದು ಇಂದಿಗೂ ಕಾಣುವ ನೋಟ.

ಆದರೆ ಬಳ್ಳಿಗಳು ಮನೆಮನೆಗೆ ಹರಡಿದ್ದು ಹೆಚ್ಚಾಗಿ ಕಾಂಪೌಂಡಿನ ಮೇಲಿಂದ. ‘ಒಂದು ಕಡ್ಡಿ ಕೊಡಿ’ ಎಂಬ ಮಾತಿಗೆ ಇಲ್ಲವೆಂದವರು ಕಡಿಮೆ. ಟೇಬಲ್ ರೋಸ್ ಬಂದದ್ದೂ ಹೀಗೆಯೇ. ಹತ್ತು ಗಂಟೆಯ ಹೂ ಎಂದೂ ಕರೆಸಿಕೊಳ್ಳುವ ಈ ಗಿಡ ದಕ್ಷಿಣ ಅಮೆರಿಕದ ಬಯಲುಗಳದು. 1829ರಲ್ಲಿ ಸಸ್ಯಶಾಸ್ತ್ರಜ್ಞ ಹೂಕರ್ ಇದಕ್ಕೆ ಹೆಸರಿಟ್ಟ. ನಮ್ಮ ಹೊಲಗಳಲ್ಲಿ ತಾನಾಗಿ ಹಬ್ಬುವ ಗೋಣಿಸೊಪ್ಪು ಇದರ ಹತ್ತಿರದ ಬಂಧು. ಬಿಸಿಲಿನ ನೆಲದಲ್ಲಿ ಬೇಗ ಬೆಳೆಯುವ ಉಪಾಯ ಒಂದು, ಬರಗಾಲದಲ್ಲಿ ನೀರುಳಿಸುವ ಉಪಾಯ ಇನ್ನೊಂದು. ಸಾಮಾನ್ಯವಾಗಿ ಬೇರೆ ಬೇರೆ ಗಿಡಗಳಲ್ಲಿರುವ ಈ ಎರಡು ಬಗೆಯ ದ್ಯುತಿಸಂಶ್ಲೇಷಣೆಗಳೂ ಗೋಣಿಸೊಪ್ಪಿನಲ್ಲಿ ಒಂದೇ ಜೀವಕೋಶದಲ್ಲಿ ಬೆಸೆದುಕೊಂಡಿವೆಯೆಂದು 2022ರಲ್ಲಿ ಸಂಶೋಧಕರು ಕಂಡುಕೊಂಡರು. ಸುಡುವ ಸಿಮೆಂಟಿನ ತಾರಸಿಯಲ್ಲಿ ತುಕ್ಕು ಹಿಡಿದ ಡಬ್ಬಿಯೊಳಗೆ ಈ ಕುಲದ ಗಿಡಗಳು ನಗುನಗುತ್ತ ಬದುಕುವುದರಲ್ಲಿ ಆಶ್ಚರ್ಯವಿಲ್ಲ.

ಬಿಯರು ಕಂಪನಿಯ ಹೂಬಳ್ಳಿ

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಈ ಕಥೆಗೆ ಅನಿರೀಕ್ಷಿತ ತಿರುವು ಕೊಟ್ಟವರು ಜಪಾನಿನ ಮದ್ಯ ತಯಾರಕರು. ವಿಸ್ಕಿ, ಬಿಯರುಗಳಿಗೆ ಹೆಸರಾದ ಸನ್‌ಟೋರಿ ಕಂಪನಿ ಹೂಗಿಡಗಳ ತಳಿ ಅಭಿವೃದ್ಧಿಗೆ ಕೈಹಾಕಿ, ಜಪಾನಿನ ಮಳೆಗೂ ಜಗ್ಗದ, ಕುಂಡದಿಂದ ಉದ್ದಕ್ಕೆ ಇಳಿಬೀಳುವ ಪೆಟೂನಿಯಾವನ್ನು 1989ರಲ್ಲಿ ‘ಸರ್ಫೀನಿಯಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇನ್ನೊಂದು ಬಿಯರು ಕಂಪನಿ ಕಿರಿನ್ ಬೆಳೆಸಿದ ‘ಪರ್ಪಲ್ ವೇವ್’ ಎಂಬ ಹಬ್ಬುವ ಪೆಟೂನಿಯಾ 1995ರಲ್ಲಿ ಅಮೆರಿಕದಲ್ಲಿ ಪ್ರಶಸ್ತಿ ಪಡೆಯಿತು. ಅದೇ ದಶಕದಲ್ಲಿ ಗೆಣಸಿನ ಬಳ್ಳಿಯ ಬಣ್ಣದೆಲೆಯ ತಳಿಗಳು ಅಲ್ಲಿನ ಕುಂಡಗಳಿಗೆ ಫ್ಯಾಷನ್ನಾದವು. ನಮ್ಮ ರೈತರು ಗೆಡ್ಡೆಗಾಗಿ ಬೆಳೆದು ಬಳ್ಳಿಯನ್ನು ದನಕ್ಕೆ ಹಾಕಿದರೆ ಅವರು ಬಳ್ಳಿಗಾಗಿ ಬೆಳೆದು ಗೆಡ್ಡೆಯನ್ನು ಮರೆತರು. ಎತ್ತರದ ಗಿಡವೊಂದು ನಡುವೆ, ಸುತ್ತ ತುಂಬಿಕೊಳ್ಳುವ ಗಿಡಗಳು, ಅಂಚಿನಿಂದ ಇಳಿಬೀಳುವ ಬಳ್ಳಿ ಎಂಬ ಮೂರು ಭಾಗದ ಸೂತ್ರ ಈಗ ಎಲ್ಲ ದೇಶಗಳ ತೋಟಗಾರಿಕೆ ಪುಸ್ತಕಗಳಲ್ಲೂ ಸಿಗುತ್ತದೆ.

ಇಂಥ ತಳಿಗಳ ಜತೆಗೆ ಹೊಸ ಕಟ್ಟಳೆಯೂ ಬಂತು. ಸರ್ಫೀನಿಯಾದಂಥ ಬಳ್ಳಿಗಳನ್ನು ಕಡ್ಡಿಯಿಂದಲೇ ವೃದ್ಧಿಮಾಡಬೇಕು. ತಳಿಯ ಹಕ್ಕು ಕಂಪನಿಯದಾದ ದೇಶಗಳಲ್ಲಿ ನರ್ಸರಿಗಳು ಅನುಮತಿಯಿಲ್ಲದೆ ಕಡ್ಡಿ ಮುರಿದು ನೆಟ್ಟು ಮಾರುವಂತಿಲ್ಲ. ಬೇಲಿಯಾಚೆಗೆ ಕೈಚಾಚಿ ಕೊಟ್ಟುಕೊಂಡು ಹಬ್ಬಿದ ಗಿಡಗಳ ಲೋಕಕ್ಕೆ ಇದು ಹೊಸ ಮಾತು.

ಕುಂಡ ದಾಟಿದ ಮೇಲೆ

ಕಡ್ಡಿ ಮುರಿದು ಎಸೆದರೂ ಬೇರೂರುವ ಗುಣವೇ ಈ ಗಿಡಗಳನ್ನು ಜನಪ್ರಿಯಗೊಳಿಸಿತು. ಅವುಗಳನ್ನು ಅಪಾಯಕಾರಿಯಾಗಿಸಿದ್ದೂ ಅದೇ ಗುಣ. ಹಳದಿ ಹೂವಿನ ವೆಡೇಲಿಯಾ ಇದಕ್ಕೆ ಎದ್ದು ಕಾಣುವ ಉದಾಹರಣೆ. ಅಮೆರಿಕ ಖಂಡದ ಉಷ್ಣವಲಯದ ಈ ನೆಲಬಳ್ಳಿಯನ್ನು ನೀರು, ಆರೈಕೆ ಹೆಚ್ಚು ಬೇಡದೆಂದು ಪಾರ್ಕುಗಳಲ್ಲಿ, ರಸ್ತೆ ವಿಭಜಕಗಳಲ್ಲಿ ನೆಡಲಾಯಿತು. ಈಗ ಅದು ಲೋಕದ ಅತಿ ಹಾನಿಕಾರಕ 100 ಆಕ್ರಮಣಕಾರಿ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಪಾರ್ಕಿನಲ್ಲಿ ಸವರಿ ಎಸೆದ ತುಂಡು ಚರಂಡಿ ಸೇರಿ, ಹೊಳೆಯ ದಡ ಸೇರಿ ಅಲ್ಲಿನ ಗಿಡಮೂಲಿಕೆಗಳನ್ನು ಹೊಸಕಿಹಾಕುತ್ತದೆ.

ರೋಮನ್ನರು ಮೆಚ್ಚಿದ ಐವಿ ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳಲ್ಲಿ ಮರಗಳನ್ನು ಮುಸುಕಿ ಕೊಲ್ಲುತ್ತಿರುವುದರಿಂದ ಆರೆಗನ್ ರಾಜ್ಯದಲ್ಲಿ ಅದರ ಮಾರಾಟವೇ ನಿಷಿದ್ಧ. ಮನಿಪ್ಲಾಂಟ್ ಶ್ರೀಲಂಕಾದ ಕಾಡುಗಳಲ್ಲಿ ನೆಲವನ್ನೂ ಮರವನ್ನೂ ಆವರಿಸಿದೆ. ಬಂಡೀಪುರ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನಲ್ಲಿ ಹುಲ್ಲಿಗೂ ಎಡೆಗೊಡದಂತೆ ಬೆಳೆದಿರುವ ಲಂಟಾನ ಕೂಡ 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದೇ ಭಾರತಕ್ಕೆ ಬಂದ ಗಿಡ. ಯಾವ ಗಿಡವೂ ದುಷ್ಟನಲ್ಲ. ತವರಿನಲ್ಲಿ ಅದನ್ನು ಹತೋಟಿಯಲ್ಲಿಟ್ಟಿದ್ದ ಕೀಟ, ರೋಗ, ಹವೆ ಹೊಸ ನೆಲದಲ್ಲಿ ಇರುವುದಿಲ್ಲ ಅಷ್ಟೆ. ಇಂಥ ಬಳ್ಳಿಗೆ ಕುಂಡವೇ ಗಡಿ. ಸವರಿದ ತುಂಡುಗಳನ್ನು ಕೆರೆಯಂಚಿಗೋ ಖಾಲಿ ನಿವೇಶನಕ್ಕೋ ಎಸೆಯದೆ ಬಿಸಿಲಿಗೆ ಪೂರ್ತಿ ಒಣಗಿಸುವುದು ಆ ಗಡಿಯನ್ನು ಕಾಯುವ ಸುಲಭದ ದಾರಿ.

ನೀರಿನ ಲೆಕ್ಕ

ಮನೆಯೊಳಗಿನ ಗಿಡಗಳು ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂಬ ನಂಬಿಕೆ 1989ರ ನಾಸಾ ಅಧ್ಯಯನವೊಂದರಿಂದ ಹಬ್ಬಿತು. ಅದು ಮುಚ್ಚಿದ ಪೆಟ್ಟಿಗೆಯಲ್ಲಿ ನಡೆದ ಪ್ರಯೋಗ. ಸಾಮಾನ್ಯ ಕೋಣೆಯಲ್ಲಿ ಕಿಟಕಿಯ ಗಾಳಿ ಮಾಡುವಷ್ಟು ಕೆಲಸವನ್ನು ಕೆಲವೇ ಕುಂಡಗಳು ಮಾಡಲಾರವೆಂದು 2019ರ ವಿಮರ್ಶೆಯೊಂದು ಸ್ಪಷ್ಟಪಡಿಸಿದೆ. ಆದರೆ ನೆಲಬಳ್ಳಿಯಿಂದ ಕುಂಡಕ್ಕೇ ಆಗುವ ಉಪಕಾರ ಬೇರೆ. ದೊಡ್ಡ ಕುಂಡದ ಬರಿಮಣ್ಣು ಬಿಸಿಲಿಗೆ ಕಾದು ಬಿರಿಯುತ್ತದೆ, ನೀರು ಹೊಯ್ದಾಗ ಮಣ್ಣು ಕೊಚ್ಚಿಹೋಗುತ್ತದೆ. ದಾಸವಾಳದಂಥ ಗಿಡದ ಬುಡದಲ್ಲಿ ಹಗುರವಾದ ನೆಲಬಳ್ಳಿಯಿದ್ದರೆ ಅದು ಮಣ್ಣಿಗೆ ನೆರಳಾಗುತ್ತದೆ, ಅಂಚಿನಿಂದ ಇಳಿದ ಎಲೆಗಳು ಕುಂಡದ ಮೈಗೂ ನೆರಳಾಗುತ್ತವೆ. ಬಳ್ಳಿಯೂ ನೀರು ಕುಡಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ. ಚಿಕ್ಕ ಕುಂಡದಲ್ಲಿ ಅದು ದೊಡ್ಡ ಗಿಡದ ಪಾಲನ್ನೇ ಕಸಿಯುತ್ತದೆ. ಆದ್ದರಿಂದ ಆಳದ ಬೇರಿನ ಗಿಡಕ್ಕೆ ಮೇಲ್ಮಟ್ಟದ ಬೇರಿನ ಬಳ್ಳಿ, ಬಿಸಿಲಿನ ಗಿಡಕ್ಕೆ ಬಿಸಿಲಿನ ಬಳ್ಳಿ ಎಂಬ ಹೊಂದಾಣಿಕೆ ಬೇಕು.

2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ ಕುಡಿಯುವ ನೀರನ್ನು ತೋಟಕ್ಕೆ ಬಳಸುವುದನ್ನು ಜಲಮಂಡಲಿ ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಮಾಡಿತು. ಆ ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಬಾಲ್ಕನಿಯ ಕುಂಡಗಳಿಗೆ ಮತ್ತೆ ಬಂತು. ಹಿಂದೆ ಬಚ್ಚಲ ನೀರಿನಲ್ಲಿ ಬಸಳೆ ಬೆಳೆಸಿದವರಿಗೆ ಇದು ಹೊಸ ವಿದ್ಯೆಯಲ್ಲ. ದೂರದ ಪೆಟೂನಿಯಾ ಬಾಡುವ ಬಿಸಿಲಿನಲ್ಲೂ ನೀಲಿ ಕಣ್ಣಿನಂಥ ಹೂ ಬಿಡುವ ವಿಷ್ಣುಕ್ರಾಂತಿ ನಮ್ಮ ಬಯಲುಗಳಲ್ಲೇ ಹಬ್ಬುವ ಗಿಡ. ದೊಡ್ಡಪತ್ರೆ ಕುಂಡದ ಅಂಚಿನಿಂದ ಜೋತುಬೀಳುತ್ತ ಅಡುಗೆಗೂ ಒದಗುತ್ತದೆ. ನೆರಳಿನ ಮೂಲೆಗೆ ಒಂದೆಲಗವಿದೆ.

ರೋಮಿನ ಬಡವರು ಕಿಟಕಿಯಲ್ಲಿ ಹುಡುಕಿದ್ದು ತಾವು ಬಿಟ್ಟುಬಂದ ಹೊಲಗದ್ದೆಯ ಒಂದು ತುಣುಕನ್ನು. ಹಳ್ಳಿಯಿಂದ ನಗರಕ್ಕೆ ಬಂದು ನಾಲ್ಕನೆಯ ಮಹಡಿಯಲ್ಲಿ ಬಾಡಿಗೆಗಿರುವ ಕುಟುಂಬ ಹಳೆಯ ಬಕೆಟ್ಟಿಗೆ ತೂತು ಕೊರೆದು, ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಒಂದೆಲಗದ ಬೇರನ್ನು ನೆಡುವುದೂ ಅದಕ್ಕೇ. ಎರಡು ಮಳೆ ಕಳೆಯುವಷ್ಟರಲ್ಲಿ ಅದು ಬಕೆಟ್ಟಿನ ಬಾಯಿ ತುಂಬಿ ಅಂಚಿನಿಂದ ಇಳಿಯತೊಡಗುತ್ತದೆ. ಪಕ್ಕದ ಮನೆಯವರು ಕೇಳಿದರೆ ಒಂದು ಗೆಣ್ಣು ಮುರಿದುಕೊಟ್ಟರಾಯಿತು.